ಹೂಂ ಅನ್ನೋದು ಯಂತ್ರಕ್ಕಿರಲಿ, ಉಹೂಂ ಅನ್ನೋಕೆ ಮನುಷ್ಯನೇ ಬೇಕು

ಸರ್ಕಾರಿ ಕಚೇರಿಗಳಿಗೆ ಕೃತಕ ಬುದ್ಧಿಮತ್ತೆ ಬಂದರೆ ಕಡತಗಳು ತಾವೇ ಓಡುತ್ತವಂತೆ, ಮಂಜೂರಾತಿ ತಾನೇ ಆಗುತ್ತದಂತೆ, ಲಂಚ ಗಿಂಚ ಎಲ್ಲ ಬಂದ್ ಅಂತೆ... ಈ ಮಾತು ಈಗ ರಾಯಚೂರಿನ ಚಹಾದಂಗಡಿಗಳ ತನಕ ಬಂದಿದೆ. ಬರದೇ ಏನು? ಊರಲ್ಲೇ ಒಂದು ಟ್ರಿಪಲ್ ಐಟಿ ಇದೆ. ಅಲ್ಲಿ ಎಐ ಮತ್ತು ಡೇಟಾ ಸೈನ್ಸ್ ಅಂತಲೇ ಒಂದು ಬಿ.ಟೆಕ್ ಇದೆ. ಅದೇ ಊರಿನಿಂದ ಬಸ್ಸು ಹತ್ತಿ ಒಂದೂವರೆ ತಾಸು ಹೋದರೆ ದೇವದುರ್ಗ, ಇನ್ನೊಂದು ದಿಕ್ಕಿಗೆ ಹೋದರೆ ಮಾನ್ವಿ. ನಂಜುಂಡಪ್ಪ ಸಮಿತಿ 2002ರಲ್ಲಿ 'ಅತ್ಯಂತ ಹಿಂದುಳಿದ' ಅಂತ ಪಟ್ಟಿ ಮಾಡಿದ 39 ತಾಲೂಕುಗಳಲ್ಲಿ ಇವೆರಡೂ ಇವೆ. ಎಐ ಕಲಿಯೋ ಹುಡುಗರೂ, ಪಿಂಚಣಿ ಅರ್ಜಿ ಹಿಡಿದು ನಿಂತಿರೋ ಅಜ್ಜಿಯೂ ಒಂದೇ ಜಿಲ್ಲೆಯಲ್ಲಿದ್ದಾರೆ.

ನಾನು ಯಂತ್ರದ ವಿರೋಧಿಯೇನಲ್ಲ. ಕಚೇರಿಯ ಬೆಂಚಿನ ಮೇಲೆ ಮೂರು ದಿನದ ಕೂಲಿ ಕಳಕೊಂಡು ಕೂತವರಿಗೆ ಯಾವ ಯಂತ್ರ ಬಂದು ಕೆಲಸ ಮಾಡಿಕೊಟ್ಟರೂ ಸಂತೋಷವೇ. ಆದರೆ ಈ ಉತ್ಸಾಹದಲ್ಲಿ ಒಂದು ಪ್ರಶ್ನೆಯನ್ನ ಯಾರೂ ಕೇಳ್ತಾ ಇಲ್ಲ ಅನ್ನಿಸ್ತಿದೆ. ಯಂತ್ರಕ್ಕೆ ಏನು ಹೇಳೋ ಅಧಿಕಾರ ಕೊಡ್ತೀವಿ? 'ಆಯ್ತು' ಅನ್ನೋದಾ, 'ಆಗಲ್ಲ' ಅನ್ನೋದಾ? ಇವೆರಡೂ ಒಂದೇ ಅಳತೆಯ ಮಾತುಗಳಲ್ಲ.

ಮೊದಲು ಕಡತ ಎಲ್ಲಿ ನಿಲ್ಲುತ್ತೆ ನೋಡಿ. ಓದೋಕೆ ಹೊತ್ತು ಹಿಡಿಯುತ್ತೆ ಅಂತ ಅದು ನಿಲ್ಲೋದಲ್ಲ. ಒಂದು ಪ್ರಮಾಣಪತ್ರದ ಅರ್ಜಿ ಓದೋಕೆ ಎರಡು ನಿಮಿಷ ಸಾಕು. ಅದು ನಾಡಕಚೇರಿಯಿಂದ ಗ್ರಾಮ ಆಡಳಿತಾಧಿಕಾರಿಗೆ ಹೋಗಬೇಕು (ಮೊನ್ನೆ ಮೊನ್ನೆವರೆಗೆ ಗ್ರಾಮ ಲೆಕ್ಕಿಗರು ಅಂತಿದ್ವಿ, ನಿಜಾಮನ ಕಾಲದಲ್ಲಿ ಪಟವಾರಿ). ಅಲ್ಲಿಂದ ಕಂದಾಯ ನಿರೀಕ್ಷಕರು, ಅಲ್ಲಿಂದ ಉಪ ತಹಶೀಲ್ದಾರರು ಇಲ್ಲವೇ ತಹಶೀಲ್ದಾರರು. ಒಬ್ಬೊಬ್ಬರ ಕೈಯಲ್ಲೂ ಅದು ನಿಲ್ಲೋದು ಸಹಿ ಹಾಕೋ ಹೆದರಿಕೆಗೆ. ನಾಳೆ ಆಡಿಟ್ಟಿನವರು ಕೇಳಿದರೆ? ಯಾರಾದರೂ ದೂರು ಕೊಟ್ಟರೆ? ಅದಕ್ಕೇ ನಮ್ಮ ಕಚೇರಿ ಕನ್ನಡದಲ್ಲಿ ಅಷ್ಟೊಂದು ಷರಾಗಳಿವೆ. 'ಪರಿಶೀಲಿಸಿ ಮಂಡಿಸಿ', 'ಚರ್ಚಿಸಿ', 'ಸ್ಪಷ್ಟೀಕರಣದೊಂದಿಗೆ ಮರುಮಂಡಿಸಿ'. ಇವುಗಳಲ್ಲಿ ಒಂದಾದರೂ ಹೂಂ ಅನ್ನುತ್ತಾ? ಉಹೂಂ ಅಂತಾದರೂ ಅನ್ನುತ್ತಾ? ಎರಡೂ ಇಲ್ಲ. ಕಡತವನ್ನ ತನ್ನ ಮೇಜಿನಿಂದ ಇನ್ನೊಂದು ಮೇಜಿಗೆ ದಾಟಿಸೋದಷ್ಟೇ.

ಈ ಹೆದರಿಕೆಯನ್ನ ಹಾಗೇ ಇಟ್ಟುಕೊಂಡು ಟಿಪ್ಪಣಿ ಬರೆಯೋ ಎಐ ತಂದರೆ ಏನಾಗುತ್ತೆ? ಮೊದಲು ಒಂದು ಸ್ಪಷ್ಟೀಕರಣ ಕೇಳೋಕೆ ಒಂದು ವಾರ ಬೇಕಿತ್ತು. ಇನ್ನು ಒಂದೇ ದಿನದಲ್ಲಿ ಹತ್ತು ಕೇಳಬಹುದು, ಅದೂ ಅಚ್ಚುಕಟ್ಟಾದ ಕನ್ನಡದಲ್ಲಿ :)

ಹಾಗಂತ ಯಂತ್ರದಿಂದ ಏನೂ ಆಗಿಲ್ಲ ಅಂದರೆ ಅದು ಸುಳ್ಳು. ನಮ್ಮ ರಾಜ್ಯದ ಪಹಣಿ ಕತೆ ಎಲ್ಲರಿಗೂ ಗೊತ್ತು. 1991ರಲ್ಲಿ ಭೂದಾಖಲೆ ಗಣಕೀಕರಣದ ಮೊದಲ ಪ್ರಯೋಗ ನಡೆದದ್ದು ನಮ್ಮ ಪಕ್ಕದ ಗುಲ್ಬರ್ಗದಲ್ಲೇ. ಆಮೇಲೆ 'ಭೂಮಿ' ಬಂತು. ಆಗಿದ್ದ 177 ತಾಲೂಕುಗಳ ಸುಮಾರು ಎರಡು ಕೋಟಿ ಪಹಣಿಗಳು ಕಂಪ್ಯೂಟರ್ ಸೇರಿದವು. ಹದಿನೈದು ರೂಪಾಯಿ ಕೊಟ್ಟರೆ ಪಹಣಿ ಕೈಗೆ. ಜನ ಹೊಗಳೋದು ಈ ಹದಿನೈದು ರೂಪಾಯಿಯ ಪಹಣಿಯನ್ನ. ನನಗೆ ಅದಕ್ಕಿಂತ ದೊಡ್ಡದು ಅನ್ನಿಸೋದು ಒಳಗಡೆ ಇಟ್ಟಿದ್ದ ಒಂದು ಸಣ್ಣ ನಿಯಮ. ಹಕ್ಕು ಬದಲಾವಣೆಯ ಅರ್ಜಿಗಳು ಬಂದ ಸಾಲಿನಲ್ಲೇ ಹೋಗಬೇಕು, ಮೊದಲು ಬಂದವರದು ಮೊದಲು. ಹಿಂದಿನವರ ಅರ್ಜಿ ಮುಂದೆ ತರೋಕೆ ಗುಮಾಸ್ತರ ಕೈಯಲ್ಲಾಗದು. ಯಾರು ಯಾವ ನಮೂದು ಮಾಡಿದರು ಅನ್ನೋದಕ್ಕೆ ಬೆರಳಚ್ಚು ಬೇರೆ. ಇದರಲ್ಲಿ ಬುದ್ಧಿಮತ್ತೆ ಏನೂ ಇಲ್ಲ, ರೇಷನ್ ಅಂಗಡಿಯ ಸಾಲಿನಷ್ಟೇ ಬುದ್ಧಿ. ಆದರೂ ಅದು ಒಬ್ಬ ಮನುಷ್ಯನ ಮರ್ಜಿಯನ್ನ ಕಿತ್ತುಕೊಂಡಿತು. (ಲಂಚ ನಿಲ್ಲಲಿಲ್ಲ, ಜಾಗ ಬದಲಿಸಿತು ಅಂತ 2007ರಲ್ಲೇ ಸಂಶೋಧಕರು ಬರೆದರು. ಅದೂ ನಿಜವೇ, ಆ ಜಗಳ ಇನ್ನೊಂದು ದಿನಕ್ಕಿರಲಿ.)

ಇನ್ನೊಂದು ನೋಡಿ. ನಾಡಕಚೇರಿಯಲ್ಲಿ ಜಾತಿ, ಆದಾಯ ಪ್ರಮಾಣಪತ್ರವನ್ನ ಕೌಂಟರಿನಲ್ಲೇ ಕೊಡೋ ವ್ಯವಸ್ಥೆ ಬಂತು. ಮನೆಮನೆಯ ಮಾಹಿತಿ ಮೊದಲೇ ದತ್ತಾಂಶದಲ್ಲಿ ಇರುತ್ತೆ, ನಿಮ್ಮ ಹೆಸರು ಅದರಲ್ಲಿದ್ದರೆ ಪ್ರಿಂಟ್ ಹೊರಗೆ ಬರುತ್ತೆ, ಯಾರ ಹಿಂದೆಯೂ ಅಲೆಯೋದು ಬೇಡ. 2021ರ ಜನವರಿಯಲ್ಲಿ 'ಮನೆ ಬಾಗಿಲಿಗೆ ಮಾಸಾಶನ' ಅಂತ ಇನ್ನೊಂದು ಬಂತು. ಬಿಪಿಎಲ್ ಕುಟುಂಬದಲ್ಲಿ ಯಾರಿಗೆ ಅರವತ್ತು ತುಂಬಿತು ಅನ್ನೋದನ್ನ ಸರ್ಕಾರವೇ ತನ್ನ ದಾಖಲೆಯಿಂದ ಹೆಕ್ಕಿ, ಮನೆಗೆ ಹೋಗಿ, ಅರ್ಜಿಯೇ ಇಲ್ಲದೆ ಪಿಂಚಣಿ ಮಂಜೂರು ಮಾಡೋದು. ಎಷ್ಟರ ಮಟ್ಟಿಗೆ ನಡೀತು ಅನ್ನೋದು ಬೇರೆ ಮಾತು, ಯೋಚನೆ ಮಾತ್ರ ಬಂಗಾರದಂಥದ್ದು. ನನ್ನ ಹತ್ತಿರ ಇರೋ ಕಾಗದವನ್ನೇ ನಿನ್ನ ಹತ್ತಿರ ಯಾಕೆ ಕೇಳಲಿ ಅಂತ ಸರ್ಕಾರ ತನ್ನನ್ನ ತಾನೇ ಕೇಳಿಕೊಂಡದ್ದು ಅಪರೂಪ ಸ್ವಾಮೀ.

ಇವೆಲ್ಲ ಯಂತ್ರ ಹೂಂ ಅಂದ ಉದಾಹರಣೆಗಳು. ಇಲ್ಲಿ ಯಂತ್ರ ಎಡವಿದರೂ ಯಾರೋ ಒಬ್ಬ ಅನರ್ಹರಿಗೆ ತಿಂಗಳ ಪಿಂಚಣಿ ಹೋಗುತ್ತೆ. ತಪ್ಪೇ, ಆದರೆ ನಿಲ್ಲಿಸಬಹುದು, ವಸೂಲಿ ಮಾಡಬಹುದು.

ಈಗ ಉಹೂಂ ಕಡೆ ಬರೋಣ. ಕೃಷ್ಣಾ ದಾಟಿದರೆ ತೆಲಂಗಾಣ. ಅಲ್ಲಿ 'ಸಮಗ್ರ ವೇದಿಕ' ಅನ್ನೋ ವ್ಯವಸ್ಥೆ ಇದೆ. ಬೇರೆ ಬೇರೆ ಇಲಾಖೆಗಳ ದತ್ತಾಂಶ ತಗೊಂಡು, ಈ ಹೆಸರಿನವನೂ ಆ ಹೆಸರಿನವನೂ ಒಬ್ಬನೇನಾ ಅಂತ ಯಂತ್ರ ಹೊಂದಿಸಿ ನೋಡುತ್ತೆ. ರೇಷನ್ ಕಾರ್ಡು ಇರೋನ ಹೆಸರಲ್ಲಿ ಕಾರು ಇದೆ ಅಂತ ಕಂಡರೆ ಅವನು ಅನರ್ಹ. ಆ ರಾಜ್ಯದಲ್ಲಿ 2014ರಿಂದ 2019ರ ನಡುವೆ ರದ್ದಾದ ಕಾರ್ಡುಗಳು 18 ಲಕ್ಷಕ್ಕೂ ಹೆಚ್ಚು. ನೋಟೀಸೂ ಇಲ್ಲ, ಕೇಳೋದೂ ಇಲ್ಲ. ರಿಕ್ಷಾ ತುಳಿದು ಜೀವನ ಮಾಡಿದ ಒಬ್ಬರನ್ನ ಯಾರೋ ಕಾರಿನ ಮಾಲೀಕ ಅಂತ ಹೊಂದಿಸಿ ಅವರ ಮನೆಯ ಕಾರ್ಡು ಹೋದ ಕತೆ 2024ರಲ್ಲಿ ಪತ್ರಿಕೆಯಲ್ಲಿ ಬಂತು. ಅಷ್ಟರಲ್ಲಾಗಲೇ, 2022ರಲ್ಲಿ, ಆ ರದ್ದಾದ ಕಾರ್ಡುಗಳನ್ನೆಲ್ಲ ಮನೆಗೆ ಹೋಗಿ ಮರುಪರಿಶೀಲಿಸಿ ಅಂತ ಸುಪ್ರೀಂ ಕೋರ್ಟ್ ಹೇಳಬೇಕಾಗಿ ಬಂದಿತ್ತು.

ನಮ್ಮಲ್ಲೇನು ಕಡಿಮೆ? 2024ರ ನವೆಂಬರ್ ನೆನಪಿದೆಯಲ್ಲ. ದತ್ತಾಂಶ ಹೊಂದಿಸಿ ನೋಡಿ ಅನರ್ಹರ ಪಟ್ಟಿ ಮಾಡಿದ್ರು, ಬಿಪಿಎಲ್ ಕಾರ್ಡುಗಳು ರದ್ದಾದವು, ಗಲಾಟೆ ಆಯ್ತು, ಕೆಲವೇ ದಿನದಲ್ಲಿ ಸರ್ಕಾರಿ ನೌಕರರು, ಆದಾಯ ತೆರಿಗೆ ಕಟ್ಟುವವರನ್ನು ಬಿಟ್ಟು ಉಳಿದವರ ಕಾರ್ಡು ವಾಪಸ್ ಕೊಡಿ ಅಂತ ಆದೇಶ ಬಂತು. ಬ್ಯಾಂಕಿನ ಸಾಲಕ್ಕೆ ಬೇಕು ಅಂತ ಒಂದು ರಿಟರ್ನ್ ಸಲ್ಲಿಸಿದವನೂ ಯಂತ್ರದ ಕಣ್ಣಿಗೆ ಸಾಹುಕಾರನೇ.

ಇಂಥ ಹೊಂದಾಣಿಕೆ ನಮ್ಮ ಕಡೆ ಹೇಗೆ ನಡೆದೀತು ಅಂತ ಸುಮ್ಮನೆ ಯೋಚನೆ ಮಾಡಿ. ದೇವದುರ್ಗ, ಮಾನ್ವಿ ಕಡೆಯ ಯಾವ ಹಳ್ಳಿಗೆ ಹೋದರೂ ಒಂದು ಓಣಿಗೆ ನಾಲ್ಕು ಹನುಮಂತ, ಐದು ಹುಲಿಗೆಮ್ಮ, ಮೂರು ಮಹಿಬೂಬ್. ಅದೇ ಹನುಮಂತ ಪಹಣಿಯಲ್ಲಿ ಹಣಮಪ್ಪ, ರೇಷನ್ ಕಾರ್ಡಿನಲ್ಲಿ ಹನುಮಂತಪ್ಪ, ಮತದಾರರ ಪಟ್ಟಿಯಲ್ಲಿ ಹಣಮಂತ. ಇದನ್ನ ಇಂಗ್ಲಿಷ್ ಅಕ್ಷರಕ್ಕೆ ಹಾಕಿ ವಾಪಸ್ ಕನ್ನಡಕ್ಕೆ ತಂದರೆ ಣಕಾರ ಹೋಗಿ ನಕಾರ, ಳಕಾರ ಹೋಗಿ ಲಕಾರ. ಇನ್ನು ಹುಟ್ಟಿದ ದಿನ? ಆಧಾರ್ ಮಾಡಿಸುವಾಗ ತಾರೀಖು ಗೊತ್ತಿಲ್ಲದ ಹಿರಿಯರಿಗೆಲ್ಲ ಜನವರಿ ಒಂದು ಅಂತ ಹಾಕಿದ್ರು. ಅದಕ್ಕೇ ನಮ್ಮ ಕಡೆ ಹೊಸ ವರ್ಷದ ದಿನ ಅರ್ಧ ಊರಿನ ಹುಟ್ಟುಹಬ್ಬ! ಒಂದೇ ಹೆಸರು, ಒಂದೇ ಜನ್ಮದಿನ, ಒಂದೇ ಊರು. ಇಬ್ಬರು ಬೇರೆ ಬೇರೆ ಮನುಷ್ಯರು ಅಂತ ಯಂತ್ರಕ್ಕೆ ಹೇಗೆ ತಿಳೀಬೇಕು? ಓಣಿಯ ಅಂಗಡಿಯವನನ್ನ ಕೇಳಿದರೆ ಅರೆಕ್ಷಣದಲ್ಲಿ ಹೇಳ್ತಾನೆ, 'ಅಂವ ಕುಂಟ ಹಣಮಂತ್ರೀ, ಇಂವ ಮ್ಯಾಗಿನ ಮನಿ ಹಣಮಂತ' ಅಂತ. ದತ್ತಾಂಶದಲ್ಲಿ ಮ್ಯಾಗಿನ ಮನಿಗೆ ಕಾಲಂ ಇಲ್ಲ.

ಮೇಲಿಂದ ಹಳೇ ಭೂದಾಖಲೆ ಉರ್ದುವಿನಲ್ಲಿ. 1956ರವರೆಗೆ ನಾವು ಹೈದರಾಬಾದ್ ರಾಜ್ಯದಲ್ಲಿದ್ದವರಲ್ಲವೇ. ಓದಬಲ್ಲವರು ದಿನೇ ದಿನೇ ಕಡಿಮೆಯಾಗ್ತಿದ್ದಾರೆ. ಆ ಕೈಬರಹದ ಹಾಳೆಗಳನ್ನ ಓದಿಸೋಕೆ ಎಐ ಬಂದರೆ ನಾನೇ ಹೂವಿನ ಹಾರ ಹಾಕ್ತೀನಿ. ಅಂಥ ಕೆಲಸಕ್ಕೆ ಅದು ಹೇಳಿ ಮಾಡಿಸಿದ್ದು. ಆದರೆ ಓದಿ ಹೇಳೋದು ಬೇರೆ, ಇದು ನಿನ್ನದಲ್ಲ ಅಂತ ತೀರ್ಪು ಕೊಡೋದು ಬೇರೆ.

ಯಾರೂ ಬಾಯಿಬಿಟ್ಟು ಹೇಳದ ಉಹೂಂ ಇನ್ನೂ ಕೆಟ್ಟದ್ದು. 2023ರ ಬರಗಾಲದಲ್ಲಿ ರಾಜ್ಯದ 236 ತಾಲೂಕುಗಳಲ್ಲಿ 223 ಬರಪೀಡಿತ ಅಂತ ಘೋಷಣೆಯಾದವು. ಮೊದಲ ಕಂತು ಅಂತ ಎರಡು ಸಾವಿರದವರೆಗೆ ನೇರ ರೈತರ ಖಾತೆಗೆ ಹಾಕಿದ್ರು, ಅರ್ಜಿ ಇಲ್ಲದೆ. ಒಳ್ಳೇದೇ. ಆದರೆ ಎಫ್‌ಐಡಿ ಮಾಡಿಸದವರಿಗೆ, ಖಾತೆಗೆ ಆಧಾರ್ ಜೋಡಣೆ ಆಗದವರಿಗೆ ಬರಲಿಲ್ಲ. ಅವರಿಗೆ ಯಾರೂ 'ಇಲ್ಲ' ಅಂದಿಲ್ಲ! ಅರ್ಜಿಯೇ ಇಲ್ಲದ ಮೇಲೆ ತಿರಸ್ಕಾರವೂ ಇಲ್ಲ, ತಿರಸ್ಕಾರ ಇಲ್ಲದ ಮೇಲೆ ಮೇಲ್ಮನವಿಯೂ ಇಲ್ಲ. ದುಡ್ಡು ಬಂದಿಲ್ಲ ಅಷ್ಟೇ. ಪಕ್ಕದ ಹೊಲದವನಿಗೆ ಬಂದಿದ್ದು ನೋಡಿಯೇ ತನಗೆ ಬಂದಿಲ್ಲ ಅಂತ ತಿಳೀಬೇಕು.

ಇನ್ನು ಯಂತ್ರ ಕಲಿಯೋದು ಎಲ್ಲಿಂದ? ಹಳೇ ಕಡತಗಳಿಂದ. ಇಲ್ಲೊಂದು ಸೂಕ್ಷ್ಮ ಇದೆ. ಸಕಾಲ ಕಾಯ್ದೆ 2011ರಲ್ಲಿ ಬಂತು. ಇಷ್ಟು ದಿನದೊಳಗೆ ಕೆಲಸ ಆಗಬೇಕು, ತಡವಾದರೆ ದಿನಕ್ಕೆ ಇಪ್ಪತ್ತು ರೂಪಾಯಿಯಂತೆ ಐನೂರರವರೆಗೆ ಪರಿಹಾರ. ದೇಶಕ್ಕೇ ಮಾದರಿಯಂಥ ಕಾಯ್ದೆ. ಆದರೆ ಅದರ ಲೆಕ್ಕದಲ್ಲಿ ಮಂಜೂರು ಮಾಡಿದ್ದೂ ವಿಲೇವಾರಿ, ತಿರಸ್ಕರಿಸಿದ್ದೂ ವಿಲೇವಾರಿ. ಗಡುವು ಹತ್ತಿರ ಬಂತು, ಸ್ಥಳಕ್ಕೆ ಹೋಗೋಕೆ ಪುರುಸೊತ್ತಿಲ್ಲ ಅಂದ್ರೆ 'ದಾಖಲೆ ಅಪೂರ್ಣ' ಅಂತ ಒಂದು ಗುಂಡಿ ಒತ್ತಿದರೆ ಮುಗೀತು. ನಮ್ಮ ಮನೆ ಹತ್ತಿರದ ಒಬ್ಬ ವಿಧವೆಯ ಅರ್ಜಿ ಹೀಗೇ ಮೂರು ಸಲ 'ವಿಲೇವಾರಿ' ಆಯ್ತು. ಮೂರನೇ ಸಲವೂ ಯಾವ ದಾಖಲೆ ಅಪೂರ್ಣ ಅಂತ ಹೇಳಿದವರಿಲ್ಲ. ಇಂಥ ಹಳೇ ಕಡತಗಳನ್ನ ತಿನ್ನಿಸಿ ಬೆಳೆಸಿದ ಯಂತ್ರ ಏನು ಕಲೀಬಹುದು? ಬೇಗ ಮುಗಿಸಬೇಕಾದರೆ ತಿರಸ್ಕರಿಸು ಅಂತ. ಅದರ ತಪ್ಪೇನಿಲ್ಲ ಪಾಪ, ಗುರುಗಳು ಹೇಳಿಕೊಟ್ಟ ಪಾಠ.

ನಮ್ಮ ಕಡೆ ಕೌಂಟರುಗಳಲ್ಲಿ ಮೂರು ಕಾಲದ ಮೂರು ಮಾತುಗಳಿವೆ. ಮೊದಲು 'ಸಾಹೇಬ್ರಿಲ್ಲ, ನಾಳಿ ಬರ್ರಿ.' ಆಮೇಲೆ 'ಸರ್ವರ್ ಡೌನ್ ಅದರಿ.' ಈಗ 'ಸಿಸ್ಟಮ್ ತಗೊಳ್ಳವಲ್ದು ನೋಡ್ರಿ, ನಾವೇನ್ ಮಾಡಾಕಾಗ್ತದ?' ಸಾಹೇಬರಿಲ್ಲ ಅಂದಾಗ ಕಾದು ಕೂತರೆ ಸಂಜೆಗಾದರೂ ಬರ್ತಿದ್ರು, ಕೈಕಾಲು ಹಿಡಿಯಬಹುದಿತ್ತು, ಜಗಳ ಮಾಡಬಹುದಿತ್ತು. ಸಿಸ್ಟಮ್ಮಿನ ಜೊತೆ ಯಾರು ಜಗಳ ಮಾಡ್ತಾರೆ? ಇನ್ನು 'ಎಐ ಒಪ್ಪವಲ್ದು' ಬಂದರೆ ಸಹಿ ಹಾಕೋ ಹೆದರಿಕೆಯ ಅಧಿಕಾರಿಗೆ ಅದಕ್ಕಿಂತ ದೊಡ್ಡ ಗುರಾಣಿ ಬೇಕಾ? ನಾನು ಹೆದರೋದು ಇದಕ್ಕೆ. ಯಂತ್ರ ಮನುಷ್ಯನನ್ನ ಓಡಿಸುತ್ತೆ ಅಂತಲ್ಲ, ಮನುಷ್ಯ ಯಂತ್ರದ ಹಿಂದೆ ಬಚ್ಚಿಟ್ಟುಕೊಳ್ತಾನೆ ಅಂತ.

ಮೇಲಿನ ಮಟ್ಟದಲ್ಲೂ ಹೀಗಾಗಿದೆ. ಆದಾಯ ತೆರಿಗೆ ಮೇಲ್ಮನವಿ ನ್ಯಾಯಮಂಡಳಿಯ ಬೆಂಗಳೂರು ಪೀಠ 2024ರ ಡಿಸೆಂಬರ್ ಕೊನೆಗೆ ಕೊಟ್ಟ ಒಂದು ಆದೇಶದಲ್ಲಿ ಇಲ್ಲದ ತೀರ್ಪುಗಳ ಉಲ್ಲೇಖ ಇತ್ತು, ಆ ಆದೇಶವನ್ನ ವಾಪಸ್ ತಗೋಬೇಕಾಯ್ತು. 2025ರ ಮಾರ್ಚಿನಲ್ಲಿ ಬೆಂಗಳೂರಿನ ಸಿವಿಲ್ ನ್ಯಾಯಾಲಯವೊಂದರ ಆದೇಶದಲ್ಲಿ ಹುಟ್ಟದೇ ಇರೋ ಸುಪ್ರೀಂ ಕೋರ್ಟ್ ತೀರ್ಪುಗಳು ಕಂಡು ಹೈಕೋರ್ಟ್ ಬೇಸರಪಟ್ಟಿತು. ಎರಡರಲ್ಲೂ ಎಐ ಕೈವಾಡದ ಅನುಮಾನ ಎದ್ದಿತ್ತು. ಅಲ್ಲಿ ದೊಡ್ಡ ದೊಡ್ಡ ವಕೀಲರಿದ್ರು, ಕಂಡುಹಿಡಿದ್ರು. ತಾಲೂಕು ಕಚೇರಿಯ ಹಿಂಬರಹದಲ್ಲಿ ಇಲ್ಲದ ಸುತ್ತೋಲೆಯ ನಂಬರ್ ಬಂದರೆ ಯಾರು ಹಿಡೀತಾರೆ? 2011ರ ಜನಗಣತಿಯಂತೆ ಈ ಜಿಲ್ಲೆಯಲ್ಲಿ ಓದುಬರಹ ಬಲ್ಲವರು ನೂರಕ್ಕೆ ಅರವತ್ತೂ ಇರಲಿಲ್ಲ.

ಸರಿ, ಹೂಂ ಎಲ್ಲ ಯಂತ್ರಕ್ಕೆ ಕೊಟ್ಟುಬಿಡೋಣ ಅಂದರೆ ಒಂದು ಕಡೆ ಅದೂ ಆಗೋಲ್ಲ. ಅದು ಜಮೀನು. ಪಿಂಚಣಿಯಲ್ಲಿ ಒಬ್ಬರಿಗೆ ಕೊಟ್ಟರೆ ಇನ್ನೊಬ್ಬರದು ಹೋಗೋದಿಲ್ಲ. ಜಮೀನಿನಲ್ಲಿ ಒಬ್ಬನಿಗೆ ಹೂಂ ಅಂದರೆ ಇನ್ನೊಬ್ಬರಿಗೆ ಉಹೂಂ ಅಂದ ಹಾಗೇ. ಅಪ್ಪ ತೀರಿಕೊಂಡ ಮೇಲೆ ಪೌತಿ ಖಾತೆಗೆ ಅಣ್ಣತಮ್ಮಂದಿರು ಹೆಸರು ಹಚ್ಚಿಸಿಕೊಂಡು, ಕೊಟ್ಟ ಮನೆಯಲ್ಲಿರೋ ಅಕ್ಕತಂಗಿಯರ ಹೆಸರು ಬಿಟ್ಟರೆ ಕಾಗದ ಎಲ್ಲ ಸರಿಯಾಗೇ ಕಾಣುತ್ತೆ. ತಕರಾರಿಗೆ ಅವಕಾಶ ಅಂತ ನೋಟೀಸು ಹಚ್ಚೋದು ಅದಕ್ಕೇ. ಆ ನೋಟೀಸು ಊರ ಚಾವಡಿಗೆ ಹಚ್ಚಿದಾಗ ತಂಗಿ ಗಂಡನ ಜೊತೆ ಬೆಂಗಳೂರಿನ ಯಾವುದೋ ಕಟ್ಟಡದ ಕೆಳಗೆ ತಗಡಿನ ಶೆಡ್ಡಿನಲ್ಲಿರ್ತಾಳೆ. ನಮ್ಮ ಎರಡೂ ತಾಲೂಕುಗಳಿಂದ ಗುಳೆ ಹೋಗೋರು ಕಮ್ಮಿ ಇಲ್ಲ. ಇಲ್ಲಿ ವೇಗವೇ ಅನ್ಯಾಯ. ಇಂಥ ಕಡೆ ಯಂತ್ರ ಮಾಡಬೇಕಾದ್ದು ಮಂಜೂರಾತಿಯಲ್ಲ. ಈ ಮನೆಯ ಹಳೇ ರೇಷನ್ ಕಾರ್ಡಿನಲ್ಲಿ ಒಬ್ಬ ಮಗಳ ಹೆಸರಿತ್ತಲ್ಲ, ಅವಳೆಲ್ಲಿ ಅಂತ ಕೇಳಬೇಕು, ಅವಳ ಮೊಬೈಲಿಗೆ ಕನ್ನಡದಲ್ಲಿ ಮಾತಾಡಿ ತಿಳಿಸಬೇಕು. ಅದೇ ದತ್ತಾಂಶ, ಅದೇ ಹೊಂದಾಣಿಕೆ. ಯಾರ ಪರವಾಗಿ ಹುಡುಕ್ತಿದೆ ಅನ್ನೋದಷ್ಟೇ ಬೇರೆ.

ಯಂತ್ರಕ್ಕೆ ಬರೀ ಹೂಂ ಅನ್ನೋಕೆ ಬಿಟ್ಟರೆ ಸುಳ್ಳು ಫಲಾನುಭವಿಗಳು ತುಂಬಿಕೊಳ್ತಾರೆ ಅಂತ ಕೆಲವರು ಅಂತಾರೆ. ತುಂಬಿಕೊಳ್ಳಬಹುದು. ಕಾರು ಬಂಗಲೆ ಇದ್ದೂ ಬಿಪಿಎಲ್ ಅಕ್ಕಿ ತಿನ್ನೋರು ನನಗೂ ಗೊತ್ತು, ಹೆಸರು ಹೇಳಲ್ಲ. ಅವರ ಮೇಲೆ ಯಂತ್ರ ಅನುಮಾನದ ಗುರುತು ಹಾಕಲಿ, ಬೇಡ ಅಂದವರಾರು? ಗುರುತು ಹಾಕಿದ ಮೇಲೆ ಒಬ್ಬ ಮನುಷ್ಯ ಮನೆಗೆ ಹೋಗಲಿ, ಕೇಳಲಿ, ನೋಡಲಿ, ಆಮೇಲೆ ತನ್ನ ಹೆಸರು ಬರೆದು ಇಲ್ಲ ಅನ್ನಲಿ. ಅಲ್ಲಿವರೆಗೆ ಅಕ್ಕಿ ನಿಲ್ಲಿಸೋದು ಬೇಡ. ನಾಲ್ಕು ತಿಂಗಳು ಸಾಹುಕಾರನೊಬ್ಬ ಪುಕ್ಕಟೆ ಅಕ್ಕಿ ತಿಂದರೆ ಸರ್ಕಾರ ಮುಳುಗೋದಿಲ್ಲ. ನಾಲ್ಕು ತಿಂಗಳು ಕೂಲಿಯವನೊಬ್ಬನಿಗೆ ಅಕ್ಕಿ ನಿಂತರೆ ಅವನ ಮನೆ ಮುಳುಗುತ್ತೆ.

ಆದರೆ ಮನೆಗೆ ಹೋಗೋ ಆ ಮನುಷ್ಯ ಯಾರು? ಮತ್ತೆ ಅದೇ ಗ್ರಾಮ ಆಡಳಿತಾಧಿಕಾರಿ. ಹತ್ತಾರು ಆ್ಯಪ್‌ಗಳನ್ನ ನಮ್ಮ ಮೇಲೆ ಹೇರಿದ್ದೀರಿ, ಕೂರೋಕೆ ಕಚೇರಿ ಇಲ್ಲ, ಸೌಲಭ್ಯ ಇಲ್ಲ ಅಂತ ಅವರು 2024ರ ಸೆಪ್ಟೆಂಬರಿನಲ್ಲಿ ಮುಷ್ಕರ ಮಾಡಿದ್ರು, 2025ರ ಫೆಬ್ರವರಿಯಲ್ಲಿ ಇನ್ನೊಮ್ಮೆ ಮಾಡಿದ್ರು. ಬೆಳೆ ಸಮೀಕ್ಷೆಗೊಂದು, ಆಧಾರ್ ಜೋಡಣೆಗೊಂದು ಅಂತ ಎಲ್ಲಕ್ಕೂ ಒಂದೊಂದು ಆ್ಯಪ್. ಅವರ ಮೇಲೆ ಎಐ ಹೆಸರಿನಲ್ಲಿ ಇನ್ನೊಂದು ಹೇರಿದರೆ ಅವರು ಮನೆಗೆ ಹೋಗದೇ ಮರದ ಕೆಳಗೆ ಕೂತು ತುಂಬ್ತಾರೆ, ನಾವಾದರೂ ಅದನ್ನೇ ಮಾಡ್ತಿದ್ವಿ. ಯಂತ್ರ ಅವರ ಆ್ಯಪ್ ತುಂಬೋ ಕೆಲಸ ಹೊತ್ತುಕೊಂಡು, ಅವರಿಗೆ ಹಳ್ಳಿ ತಿರುಗೋಕೆ ದಿನಕ್ಕೆ ಎರಡು ತಾಸು ಉಳಿಸಿಕೊಟ್ಟರೆ ಅದೇ ದೊಡ್ಡ ಸುಧಾರಣೆ. ಹಾಗೇ ಕೌಂಟರಿನ ಈಚೆ ಬದಿಗೂ ಒಂದು ಯಂತ್ರ ಬೇಕು. 'ಯಮ್ಮಾ, ನಿನ್ನ ಬ್ಯಾಂಕ್ ಪಾಸ್‌ಬುಕ್ಕಿನ್ಯಾಗ ಹೆಸರು ಬ್ಯಾರೆ ಅದ, ಮೊದ್ಲ ಅದನ್ನ ಸರಿ ಮಾಡಿಸ್ಕೊಂಡು ಬಾ' ಅಂತ ಅರ್ಜಿ ಹಾಕೋ ಮುಂಚೆಯೇ ನಮ್ಮ ಮಾತಿನಲ್ಲೇ ಹೇಳುವಂಥದ್ದು. ಟ್ರಿಪಲ್ ಐಟಿಯ ಹುಡುಗರಿಗೆ ಇದಕ್ಕಿಂತ ಒಳ್ಳೇ ಪ್ರಾಜೆಕ್ಟ್ ಸಿಗಲಿಕ್ಕಿಲ್ಲ. ಬಸ್ ಖರ್ಚು ನಾನು ಕೊಡ್ತೀನಿ, ಒಂದು ದಿನ ದೇವದುರ್ಗದ ಸಾಲಿನಲ್ಲಿ ನಿಂತು ಬರಲಿ.

ಇಲ್ಲ ಅನ್ನುವಾಗ ಕಾರಣ ಕೊಡಬೇಕು ಅನ್ನೋದು ನನ್ನ ಹೊಸ ಕಲ್ಪನೆಯೇನಲ್ಲ. ಮಾಹಿತಿ ಹಕ್ಕು ಕಾಯ್ದೆ 2005ರ 4(1)(ಡಿ) ಕಲಂ ನೋಡಿ. ಸಾರ್ವಜನಿಕ ಪ್ರಾಧಿಕಾರ ತನ್ನ ಆಡಳಿತಾತ್ಮಕ ನಿರ್ಧಾರಗಳಿಗೆ ಕಾರಣವನ್ನ ಬಾಧಿತ ವ್ಯಕ್ತಿಗೆ ಒದಗಿಸಬೇಕು ಅಂತಲೇ ಇದೆ. ನಿರ್ಧಾರ ಗುಮಾಸ್ತ ಮಾಡಿದ್ನೋ ಯಂತ್ರ ಮಾಡ್ತೋ ಅಂತ ಕಾಯ್ದೆ ಭೇದ ಮಾಡಿಲ್ಲ. ನಿಮ್ಮಲ್ಲಿ ಯಾರಿಗಾದರೂ, ನಿಮ್ಮ ಮನೆಯ ಹಿರಿಯರಿಗಾದರೂ, ಅರ್ಜಿ ತಿರಸ್ಕಾರವಾದಾಗ 'ದಾಖಲೆ ಅಪೂರ್ಣ' ಅನ್ನೋದನ್ನ ಬಿಟ್ಟು ಬೇರೆ ಲಿಖಿತ ಕಾರಣ, ಕೆಳಗೆ ಅಧಿಕಾರಿಯ ಹೆಸರಿನ ಸಮೇತ ಸಿಕ್ಕಿದ್ದರೆ ಅದರ ಒಂದು ಫೋಟೋ ಕಳಿಸಿ. ಆಧಾರ್ ನಂಬರಿನ ಮೇಲೆ ಮಸಿ ಬಳಿದು ಕಳಿಸಿ ಮತ್ತೆ. ನಾನಿನ್ನೂ ಒಂದನ್ನೂ ನೋಡಿಲ್ಲ.